ಒಂದೂವರೆ ಅಡಿ ಸೂರು

ನಾವು ಒಂದು ವ್ಯಾನಿಗೆ ಗೃಹಪ್ರವೇಶ ಮಾಡಿದವರು. ಇದನ್ನು ಹೇಳಿದರೆ ಜನ ಮೊದಲು ನಗುತ್ತಾರೆ, ಆಮೇಲೆ ನಾನು ನಗುತ್ತಿಲ್ಲವೆಂದು ನೋಡಿ ಸುಮ್ಮನಾಗುತ್ತಾರೆ. ಹೊನ್ನಾಳಿಯ ನಮ್ಮ ಬೀದಿಯಲ್ಲಿ ವ್ಯಾನು ನಿಲ್ಲಿಸಿ, ಅದರ ಬಾಗಿಲಿಗೆ ಮಾವಿನ ತೋರಣ ಕಟ್ಟಿ, ಒಳಗೆ ಸೀಮೆಎಣ್ಣೆ ಸ್ಟೌ ಹೊತ್ತಿಸಿ ಹಾಲು ಉಕ್ಕಿಸಿದೆವು. ಬೀದಿಯವರಿಗೆಲ್ಲ ಊಟ ಹಾಕಿದೆವು. ಉಡುಗೊರೆಯಾಗಿ ಎರಡು ಗೋಡೆ ಗಡಿಯಾರ ಬಂದವು. ವ್ಯಾನಿನಲ್ಲಿ ಅವನ್ನು ತೂಗುಹಾಕುವಂಥ ಗೋಡೆ ಇಲ್ಲದ್ದರಿಂದ ಎರಡನ್ನೂ ಮನೆಯಲ್ಲೇ ಎದುರುಬದುರು ಹಾಕಿದೆವು. ಅವೆರಡೂ ಒಂದು ದಿನವೂ ಒಂದೇ ಹೊತ್ತು ತೋರಿಸಲಿಲ್ಲ.

ಇಷ್ಟಕ್ಕೆಲ್ಲ ಕಾರಣ ಅರ್ಧ ಹೋಳಿಗೆ.

ನನ್ನ ಅವ್ವನಿಗೆ ಒಡಹುಟ್ಟಿದವಳು ಅಂತ ಇದ್ದದ್ದು ಒಬ್ಬಳೇ ಅಕ್ಕ. ಅವಳನ್ನು ಜಗಳೂರಿಗೆ ಕೊಟ್ಟಿದ್ದರು, ಅವ್ವನನ್ನು ಹೊನ್ನಾಳಿಗೆ. ನಾವು ಅವಳನ್ನು ದೊಡ್ಡವ್ವ ಅನ್ನುತ್ತಿದ್ದೆವು. ಎಪ್ಪತ್ತರ ದಶಕದ ಶುರುವಿನಲ್ಲಿ ದೊಡ್ಡವ್ವನ ಮಗನ ಮದುವೆ ಅವರ ಮನೆಯ ಮುಂದೆಯೇ ನಡೆಯಿತು. ಅವ್ವ ಮೂರು ದಿನ ಮುಂಚೆ ಹೋಗಿ ಬೇಳೆ ಬೇಯಿಸಿ, ಹೂರಣ ರುಬ್ಬಿ, ಬಂದವರಿಗೆಲ್ಲ ಹೋಳಿಗೆ ತಟ್ಟಿದಳು. ಕೊನೆಯ ಪಂಕ್ತಿಯಲ್ಲಿ ತಾನು ಕೂರುವ ಹೊತ್ತಿಗೆ ಬುಟ್ಟಿಯಲ್ಲಿ ಒಂದೇ ಹೋಳಿಗೆ ಉಳಿದಿತ್ತು. ದೊಡ್ಡವ್ವ ಅದನ್ನು ಹರಿದು ಅರ್ಧ ಅವ್ವನ ಎಲೆಗೆ ಹಾಕಿ, ಉಳಿದ ಅರ್ಧವನ್ನು ಪಕ್ಕದಲ್ಲಿ ಕೂತಿದ್ದ ಬೀಗರ ಹೆಂಗಸಿಗೆ ಹಾಕಿದಳು. ತಂಗಿಯಲ್ಲವೇ, ಸುಧಾರಿಸಿಕೊಳ್ಳುತ್ತಾಳೆ ಅಂದುಕೊಂಡಿರಬೇಕು. ಅವ್ವ ಸುಧಾರಿಸಿಕೊಳ್ಳುವವರ ಪೈಕಿ ಅಲ್ಲ ಎಂಬುದು ದೊಡ್ಡವ್ವನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರಬೇಕಿತ್ತು.

ಅವ್ವ ಎಲೆ ಬಿಟ್ಟು ಎದ್ದಳು. ಕೈ ತೊಳೆದುಕೊಂಡು ಬಂದು, ಕೊರಳಿನ ಲಿಂಗವನ್ನು ಅಂಗೈಗೆ ತೆಗೆದುಕೊಂಡು ಹೇಳಿದಳು.

"ಇನ್ನು ನಿನ್ನ ಸೂರಿನ ಕೆಳಗೆ ಕಾಲಿಡಲ್ಲ. ನಿನ್ನ ಸೂರಿನ ಕೆಳಗೆ ಒಂದು ತೊಟ್ಟು ನೀರೂ ಮುಟ್ಟಲ್ಲ."

ಬಾಯಿಮಾತಿನಲ್ಲಿ ಅಂದಿದ್ದರೆ ಎಂಟು ದಿನಕ್ಕೆ ಮರೆತುಹೋಗುತ್ತಿತ್ತು. ಲಿಂಗ ಹಿಡಿದು ಆಡಿದ ಮಾತನ್ನು ನಮ್ಮಲ್ಲಿ ಯಾರೂ ವಾಪಸ್ ತೆಗೆದುಕೊಳ್ಳುವುದಿಲ್ಲ. ಅಕ್ಕತಂಗಿಯರು ಹನ್ನೊಂದು ವರ್ಷ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಎಂಬತ್ತರ ದಶಕ ಶುರುವಾಗಿ ಎರಡೋ ಮೂರೋ ವರ್ಷವಾಗಿತ್ತು. ದಸರೆ ಮುಗಿದ ವಾರ ಜಗಳೂರಿನಿಂದ ದೊಡ್ಡವ್ವನ ಸೊಸೆ ಬರೆದ ಕಾಗದ ಬಂತು. ಅತ್ತೆಯ ಕಣ್ಣು ದಿನದಿನಕ್ಕೆ ಮಬ್ಬಾಗುತ್ತಿದೆ, ದಾವಣಗೆರೆಯಲ್ಲಿ ಡಾಕ್ಟರಿಗೆ ತೋರಿಸಿದೆವು, ಇದು ಪೊರೆಯಲ್ಲ, ಆಪರೇಷನ್ನಿಗೆ ಬರುವುದಿಲ್ಲ, ಇರುವಷ್ಟು ದಿನ ಇರುತ್ತದೆ ಅಂದರು ಎಂದು ಬರೆದಿದ್ದಳು. ನಾನು ಓದಿ ಹೇಳುವಾಗ ಅವ್ವ ಶೇಂಗಾ ಬಿಡಿಸುತ್ತಿದ್ದಳು. ಓದಿ ಮುಗಿದ ಮೇಲೂ ಮೊರದಲ್ಲಿದ್ದಷ್ಟನ್ನು ಬಿಡಿಸಿಯೇ ಮುಗಿಸಿದಳು.

"ಅಕ್ಕ ನನ್ನ ಮುಖ ನೋಡಬೇಕು. ಕಣ್ಣು ಇರೋದ್ರೊಳಗೇ ನೋಡಬೇಕು" ಅಂದಳು.

ಹೇಳುವಷ್ಟು ಸುಲಭವಿರಲಿಲ್ಲ. ದೊಡ್ಡವ್ವನನ್ನು ಹೊನ್ನಾಳಿಗೆ ಕರೆಸಿದರೆ ಅವಳು ಬರುವುದಿಲ್ಲ, ಹಿರಿಯಳು. ಅವ್ವ ಜಗಳೂರಿಗೆ ಹೋದರೆ ಆಗಿನ ಬಸ್ಸುಗಳಲ್ಲಿ ಅದೇ ದಿನ ವಾಪಸ್ ಬರುವ ಮಾತಿಲ್ಲ. ರಾತ್ರಿ ಉಳಿಯಬೇಕು, ಸ್ನಾನ ಪೂಜೆ ಆಗಬೇಕು, ಪೂಜೆಯಾಗದೆ ಅವ್ವ ಬಾಯಿಗೆ ಏನೂ ಹಾಕುವುದಿಲ್ಲ. ಅಕ್ಕನ ಸೂರಿನ ಕೆಳಗೆ ಹೋಗುವಂತಿಲ್ಲ. ಅಕ್ಕನ ಊರಿಗೆ ಹೋಗಿ ಬೇರೆಯವರ ಮನೆಯಲ್ಲಿ ಇಳಿದುಕೊಂಡರೆ ಅಕ್ಕನ ಮುಖಕ್ಕೆ ಮಸಿ ಬಳಿದ ಹಾಗೆ. ಹೀಗೆ ಎಲ್ಲ ಬಾಗಿಲುಗಳನ್ನೂ ಅವ್ವ ತಾನೇ ಒಂದೊಂದಾಗಿ ಮುಚ್ಚಿ, ದಾರಿ ತೋರಿಸಿರಿ ಎಂದು ನಮ್ಮ ಮುಖ ನೋಡಿದಳು.

ಅಪ್ಪ ಮೂವತ್ತು ವರ್ಷ ಖಾಸಗಿ ಬಸ್ಸು ಓಡಿಸಿ ಆಗಷ್ಟೇ ಬಿಟ್ಟಿದ್ದ. ಮನೆಯಲ್ಲಿ ಅವನ ಕೈಗೆ ಸ್ಟೇರಿಂಗ್ ಇಲ್ಲದೆ ಏನು ಮಾಡಬೇಕೆಂದು ತಿಳಿಯದೆ ರೇಡಿಯೋದ ಗುಂಡಿ ತಿರುವುತ್ತಾ ಕೂರುತ್ತಿದ್ದ. ಅವನು ಹೇಳಿದ.

"ಅವಳ ಮನೆಯೊಳಗೆ ಹೋಗಬ್ಯಾಡ. ನಮ್ಮ ಮನೇನೇ ಹೊಡಕೊಂಡು ಹೋಗಾನ."

ಅವನು ತಮಾಷೆ ಮಾಡುತ್ತಿರಲಿಲ್ಲ. ಏಳೆಂಟು ವರ್ಷ ಹಿಂದೆ ಸೂಳೆಕೆರೆಯ ಏರಿಯ ಮೇಲೆ ಅಪ್ಪನ ಬಸ್ಸಿನಲ್ಲಿ ನಾನೂ ಹೋಗುತ್ತಿದ್ದಾಗ ಒಬ್ಬ ಬಿಳಿಯ ಗಂಡಸು ಮತ್ತು ಹೆಂಗಸು ವ್ಯಾನು ನಿಲ್ಲಿಸಿಕೊಂಡು ಚಹಾ ಕಾಯಿಸುತ್ತಿದ್ದರು. ವ್ಯಾನಿನ ಟಾಪು ಒಂದು ಮಗ್ಗುಲಿಗೆ ಟ್ರಂಕಿನ ಮುಚ್ಚಳದ ಹಾಗೆ ಮೇಲೆದ್ದು ನಿಂತಿತ್ತು. ಒಳಗೆ ಹಾಸಿಗೆ ಇತ್ತು, ಒಲೆ ಇತ್ತು. ಅಪ್ಪ ಬಸ್ಸು ನಿಲ್ಲಿಸಿ, ಪ್ರಯಾಣಿಕರೆಲ್ಲ ಇಳಿದು, ಕೆರೆಬಿಳಚಿಯ ಕಡೆಯ ಒಬ್ಬ ಮುದುಕ ಆ ವ್ಯಾನಿನೊಳಗೇ ಹತ್ತಿ ಕೂತು, ಅರ್ಧ ಗಂಟೆ ತಡವಾಗಿತ್ತು. ಅದನ್ನು ಅಪ್ಪ ಮರೆತಿರಲಿಲ್ಲ. ನಾನೂ ಮರೆತಿರಲಿಲ್ಲ, ತೊಂದರೆಯಾದದ್ದು ಅಲ್ಲೇ.

ದೀಪಾವಳಿಯ ಹೊತ್ತಿಗೆ ಅಪ್ಪ ದಾವಣಗೆರೆಯ ಬೇಕರಿಯೊಂದರ ಹಳೆಯ ವ್ಯಾನನ್ನು ತಂದು ಮನೆ ಮುಂದೆ ನಿಲ್ಲಿಸಿದ. ಇಂಜಿನ್ನು ಚೆನ್ನಾಗಿತ್ತು. ಒಳಗೆ ಬ್ರೆಡ್ಡಿನ ವಾಸನೆ ಇತ್ತು, ಅದರ ಜತೆ ದಾವಣಗೆರೆಯ ಇರುವೆಗಳೂ ಬಂದಿದ್ದವು. ಅವ್ವ ಎರಡು ದಿನ ಸೀಗೆಪುಡಿ ಹಾಕಿ ತೊಳೆದಳು. ವಾಸನೆ ಹೋಯಿತು, ಇರುವೆಗಳು ಹೋಗಲಿಲ್ಲ. ಮರದ ಹಲಗೆಯ ಎರಡು ಮಂಚ, ಅವುಗಳ ಕೆಳಗೆ ಪಾತ್ರೆಯ ಗೂಡು, ಬಾಗಿಲ ಪಕ್ಕ ನೀರಿನ ಹಂಡೆ, ಮೂಲೆಯಲ್ಲಿ ಸ್ನಾನಕ್ಕೆ ಪರದೆ, ಇಷ್ಟನ್ನೂ ನಮ್ಮ ಬೀದಿಯ ಬಡಗಿ ಹದಿನೈದು ದಿನದಲ್ಲಿ ಮುಗಿಸಿದ. ಉಳಿದದ್ದು ಟಾಪು ಒಂದೇ.

ಬ್ರೆಡ್ಡಿಗೆ ಎತ್ತರ ಬೇಕಾಗಿಲ್ಲ. ಆ ವ್ಯಾನಿನೊಳಗೆ ಅವ್ವ ನಿಂತರೆ ತಲೆ ತಗಡಿಗೆ ಹೊಡೆಯುತ್ತಿತ್ತು. ಕೂತುಕೊಂಡು ಉಣ್ಣಬಹುದು, ಮಲಗಬಹುದು, ಪೂಜೆಯನ್ನೂ ಮಾಡಬಹುದು. ಸೀರೆ ಉಡುವುದು ಹೇಗೆ ಎಂದು ಅವ್ವ ಕೇಳಿದಳು. ನಾವು ಗಂಡಸರು ಆ ದಿಕ್ಕಿನಲ್ಲಿ ಯೋಚಿಸಿರಲಿಲ್ಲ.

ಟಾಪಿನ ವಿಷಯದಲ್ಲಿ ಮನೆಯಲ್ಲಿ ಮೂರು ಪಕ್ಷವಾಯಿತು. ಅಪ್ಪನದು ಚಪ್ಪಟೆ ಟಾಪು. ಇದ್ದದ್ದನ್ನೇ ಇರಲು ಬಿಟ್ಟು, ಮೇಲೊಂದು ಕ್ಯಾರಿಯರ್ ಹಾಕಿಸಿ, ಸೀರೆ ಉಡುವಾಗ ಮಾತ್ರ ಹಿಂದೆ ಎರಡು ಬಾಗಿಲು ತೆರೆದು ಟಾರ್ಪಾಲು ಕಟ್ಟಿದರಾಯಿತು ಅನ್ನುತ್ತಿದ್ದ. ಬಸ್ಸಿನ ಮನುಷ್ಯ. ಕ್ಯಾರಿಯರ್ ಇಲ್ಲದ ಗಾಡಿಯನ್ನು ನೋಡಿದರೆ ಅವನಿಗೆ ತಲೆಗೆ ಪಟಗ ಸುತ್ತದ ಗೌಡನನ್ನು ನೋಡಿದ ಹಾಗಾಗುತ್ತಿತ್ತು. ಅವ್ವ ಒಂದೇ ಮಾತಿನಲ್ಲಿ ಅದನ್ನು ಮುಗಿಸಿದಳು.

"ನಾನು ಕೆಳಗೆ ಲಿಂಗಪೂಜೆಗೆ ಕೂತಾಗ ನನ್ನ ತಲೆ ಮೇಲೆ ನಿನ್ನ ಬಕೀಟು, ಜಾಕು, ಹಳೇ ಮೆಟ್ಟು ಇರ್ತಾವೇನು?"

ಎರಡನೆಯ ಪಕ್ಷ ಚನ್ನಗಿರಿಯ ಮೇಸ್ತ್ರಿಯದು. ಅವರು ಬಸ್ಸು ಲಾರಿಗಳಿಗೆ ಬಾಡಿ ಕಟ್ಟುವವರು, ಅದಕ್ಕೂ ಮುಂಚೆ ಸವಾರಿ ಗಾಡಿಗಳಿಗೆ ಕಮಾನು ಕಟ್ಟುತ್ತಿದ್ದರು. ವ್ಯಾನನ್ನು ಒಂದು ಸುತ್ತು ಹಾಕಿ ನೋಡಿ, ಎತ್ತಿನ ಗಾಡಿಯ ಹಾಗೆ ತಗಡಿನ ಕಮಾನು ಬಗ್ಗಿಸಿ ಕೂರಿಸುತ್ತೇನೆ, ಅಮ್ಮಾವರು ಸೆರಗು ಹೊದ್ದುಕೊಂಡು ನಿಂತರೂ ಒಂದು ಗೇಣು ಮಿಗುತ್ತದೆ ಅಂದರು.

"ಮೂರು ವಾರದ ಕೆಲಸ. ಸಂಕ್ರಾಂತಿಗೆ ಎಳ್ಳು ಬೆಲ್ಲ ತಗಂಡು ಜಗಳೂರಿಗೆ ಹೋಗಿಬಿಡ್ರಿ" ಅಂದರು.

ಅಪ್ಪ ಒಪ್ಪಿದ. ಅವ್ವನೂ ಒಪ್ಪುವವಳಿದ್ದಳು. ಒಪ್ಪದವನು ನಾನು.

ನಾನಾಗ ನ್ಯಾಮತಿಯ ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು. ಹೊನ್ನಾಳಿಯಿಂದ ಗೋವಿನಕೋವಿಯ ಮೇಲೆ ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಇಪ್ಪತ್ತಾರು ವರ್ಷ, ಮದುವೆಯಿಲ್ಲ, ಗ್ರಾಫ್ ಕಾಗದ ಬೇಕಾದಷ್ಟು ಇತ್ತು. ಕಮಾನು ಹಾಕಿದರೆ ವ್ಯಾನಿನ ಭಾರದ ಕೇಂದ್ರ ಮೇಲಕ್ಕೆ ಹೋಗಿ, ಚಿತ್ರದುರ್ಗದ ಕಡೆಯ ಗಾಳಿಗೆ ಗಾಡಿ ವಾಲುತ್ತದೆ ಎಂದು ಲೆಕ್ಕ ಹಾಕಿ ತೋರಿಸಿದೆ. ಆ ಲೆಕ್ಕ ಸರಿಯೇ ಇತ್ತು. ಆದರೆ ನಾನು ಅದನ್ನು ಹಾಕಿದ್ದು ಗಾಳಿಗೆ ಹೆದರಿ ಅಲ್ಲ. ಸೂಳೆಕೆರೆಯ ಏರಿಯ ಮೇಲೆ ಕಂಡ ಆ ಎದ್ದು ನಿಲ್ಲುವ ಟಾಪು ನನಗೆ ಬೇಕಾಗಿತ್ತು. ಹೊನ್ನಾಳಿ ತಾಲ್ಲೂಕಿನಲ್ಲಿ ಯಾರ ಹತ್ತಿರವೂ ಇಲ್ಲದ್ದು ನಮ್ಮ ಹತ್ತಿರ ಇರಬೇಕಾಗಿತ್ತು. ಈ ಮಾತನ್ನು ಬಾಯಿಬಿಟ್ಟು ಹೇಳಲು ನನಗೆ ಎಷ್ಟೋ ವರ್ಷ ಬೇಕಾಯಿತು.

ಓಡುವಾಗ ಚಪ್ಪಟೆ, ನಿಂತಾಗ ಎತ್ತರ. ಒಂದು ಮಗ್ಗುಲಿಗೆ ಕೀಲು, ಇನ್ನೊಂದು ಮಗ್ಗುಲನ್ನು ಎರಡು ಕಬ್ಬಿಣದ ಸರಳು ಕೊಟ್ಟು ಎತ್ತಿ ನಿಲ್ಲಿಸುವುದು, ನಡುವಿನ ಸಂದಿಗೆ ಟಾರ್ಪಾಲು. ಹನ್ನೆರಡು ಹಾಳೆಗಳಲ್ಲಿ ಬಣ್ಣದ ಪೆನ್ಸಿಲಿನಿಂದ ಬರೆದುಕೊಂಡು ಹೋಗಿ ಮೇಸ್ತ್ರಿಯ ಮುಂದಿಟ್ಟೆ. ಅವರು ಒಂದೊಂದೇ ಹಾಳೆಯನ್ನು ನೋಡಿ, ಮತ್ತೆ ಜೋಡಿಸಿ, ನನ್ನ ಕೈಗೇ ಕೊಟ್ಟರು.

"ಮೇಷ್ಟ್ರೇ, ಚಿತ್ರ ಚೆನ್ನಾಗೈತೆ. ಆದ್ರೆ ಬಾಯಿ ತೆಗೆಯೋ ಟಾಪು ಒಂದಿನ ಬಾಯಿ ಮುಚ್ಚಾಕೆ ಒಪ್ಪಲ್ಲ. ಕಮಾನು ಹಾಕ್ಸಿರಿ."

ನಾನು ಜಗ್ಗಲಿಲ್ಲ. ಅಪ್ಪ ಅವ್ವನ ಮುಖ ನೋಡಿದ. ಅವ್ವ ಏಳನೆಯ ತರಗತಿಯನ್ನೂ ದಾಟಿದವಳಲ್ಲ, ಓದಿದ ಮಗನ ಮೇಲೆ ಅವಳಿಗೆ ಇಲ್ಲದ ನಂಬಿಕೆ.

"ಅವನು ಲೆಕ್ಕ ಹಾಕ್ಯಾನೆ. ಒಂದೆರಡು ತಿಂಗಳು ತಡ ಆದ್ರೂ ಆಗಲಿ, ಕಾಯಾನ" ಅಂದಳು.

ಅಲ್ಲಿಗೆ ಸಂಕ್ರಾಂತಿ ಹೋಯಿತು.

ಟಾಪು ತೀರ್ಮಾನವಾದ ಮೇಲೆ ಅವ್ವನಿಗೆ ಹೊಸ ಅನುಮಾನ ಬಂತು. ಏಳುವ ಬೀಳುವ ತಗಡನ್ನು ಸೂರು ಅನ್ನಲು ಬರುತ್ತದೆಯೇ? ಸೂರು ಅಲ್ಲದಿದ್ದರೆ ಅದು ಮನೆಯಲ್ಲ. ಮನೆಯಲ್ಲದಿದ್ದರೆ ಅಕ್ಕನ ಬಾಗಿಲ ಮುಂದೆ ಬೀದಿಯಲ್ಲಿ ಕೂತು ಉಂಡ ಹಾಗಾಗುತ್ತದೆ. ನಮ್ಮ ಮನೆಗೆ ಬರುತ್ತಿದ್ದ ಅಯ್ಯನವರನ್ನು ಕರೆಸಿದೆವು. ಅವರು ನನ್ನ ಹನ್ನೆರಡು ಹಾಳೆಗಳನ್ನೂ ಮೇಸ್ತ್ರಿಗಿಂತ ಗಂಭೀರವಾಗಿ ನೋಡಿದರು.

"ಒಲೆ ಹತ್ತಿ ಹಾಲು ಉಕ್ಕಿದ್ರೆ ಮನೆ. ಅದಕ್ಕೇನೂ ಅಡ್ಡಿಯಿಲ್ಲ. ಆದ್ರೆ ಇದಕ್ಕೆ ಸೂರಂಚು ಎಲ್ಲೈತೆ? ಗೋಡೆ ಬಿಟ್ಟು ಮುಂದಕ್ಕೆ ಚಾಚಿರಬೇಕು. ಸೂರಿನ ನೀರು ಎಲ್ಲಿ ತನಕ ಬೀಳತೈತೋ ಅಲ್ಲಿ ತನಕ ಆ ಮನೆಯವರ ಜಾಗ. ಇದು ಊರೂರಿನ ರೂಢಿ. ಇದರಾಗೆ ನೀರು ವ್ಯಾನಿನ ಮೈಗೇ ಇಳೀತೈತೆ. ಅಮ್ಮಾರು ವ್ಯಾನಿಂದ ಕೆಳಗೆ ಕಾಲಿಟ್ರೆ ಯಾರ ಜಾಗದಾಗೆ ಇಟ್ಟಂಗಾಯ್ತು?"

ಆ ರೂಢಿ ನಮಗೇನೂ ಹೊಸದಲ್ಲ. ನಮ್ಮ ಬೀದಿಯಲ್ಲಿ ಸೂರಿನ ನೀರು ಯಾರ ಅಂಗಳಕ್ಕೆ ಬೀಳುತ್ತದೆ ಎಂಬ ಜಗಳವಾಗದ ಮಳೆಗಾಲವೇ ಇರಲಿಲ್ಲ. ವ್ಯಾನಿಗೂ ಅದು ಅನ್ವಯಿಸುತ್ತದೆ ಎಂಬುದು ಮಾತ್ರ ಹೊಳೆದಿರಲಿಲ್ಲ. ಅವ್ವನಿಗೆ ಇದು ಬಹಳ ಹಿಡಿಸಿತು. ವ್ಯಾನಿನೊಳಗೆ ಮಾತ್ರವಲ್ಲ, ಇಳಿದು ಸೂರಂಚಿನವರೆಗೂ ನಿಲ್ಲಬಹುದು, ಅಕ್ಕನ ಹತ್ತಿರಕ್ಕೆ ಅಷ್ಟು ಹೋಗಬಹುದು. ಸೂರಂಚು ನಾಲ್ಕಡಿ ಇರಲಿ ಅಂದಳು. ಮೇಸ್ತ್ರಿ ಎರಡಡಿಯೂ ಆಗುವುದಿಲ್ಲ, ಎದುರಿಗೆ ಬಂದ ಬಸ್ಸಿನ ಕಿಟಕಿ ಒಡೆಯುತ್ತದೆ ಅಂದರು. ಹದಿನೈದು ದಿನ ಚೌಕಾಸಿ ನಡೆದು, ಕೀಲಿಲ್ಲದ ಮಗ್ಗುಲಲ್ಲಿ, ಹೊರಡುವಾಗ ಮಡಚಿಡುವ ಹಾಗೆ, ಒಂದೂವರೆ ಅಡಿಗೆ ಇತ್ಯರ್ಥವಾಯಿತು.

ಆಮೇಲೆ ನನ್ನ ಚಿತ್ರಗಳ ಹಣೆಬರಹ ಗೊತ್ತಾಗತೊಡಗಿತು. ಮೊದಲ ಕೀಲು ಭಾರಕ್ಕೆ ಬಾಗಿತು. ಎರಡನೆಯದು ಬಾಗಲಿಲ್ಲ, ಅಲ್ಲಾಡಲೂ ಇಲ್ಲ. ಸರಳು ಒಂದು ಉದ್ದವಾಗಿ ಒಂದು ಗಿಡ್ಡವಾಗಿ ಟಾಪು ಸೊಟ್ಟ ಮೋರೆ ಮಾಡಿಕೊಂಡು ನಿಂತಿತು. ಶಿವರಾತ್ರಿ ಹೋಯಿತು. ಯುಗಾದಿಯ ದಿನ ಹೋಳಿಗೆ ಉಂಡು, ಮರುದಿನ ಚಂದ್ರನನ್ನು ನೋಡುವ ಹೊತ್ತಿಗೆ ನಾನು ಚನ್ನಗಿರಿಯ ಶೆಡ್ಡಿನಲ್ಲಿದ್ದೆ, ಮೂರನೆಯ ಕೀಲನ್ನು ಕೈಯಲ್ಲಿ ಹಿಡಿದುಕೊಂಡು. ಆಗಾಗ ಜಗಳೂರಿಗೆ ಕಾಗದ ಬರೆಯುತ್ತಿದ್ದೆವು. ಸೊಸೆಯ ಉತ್ತರ ಬರುತ್ತಿತ್ತು, ಅತ್ತೆ ಹಾಗೇ ಇದ್ದಾರೆ, ಚಿಕ್ಕತ್ತೆ ಬರುವ ದಾರಿ ಕಾಯುತ್ತಿದ್ದಾರೆ ಎಂದು. ಹಾಗೇ ಇದ್ದಾರೆ ಅನ್ನುವುದನ್ನು ಓದಿ ನಾವು ಸಮಾಧಾನ ಮಾಡಿಕೊಳ್ಳುತ್ತಿದ್ದೆವು.

ಬೇಸಿಗೆ ರಜೆಯ ಕೊನೆಗೆ ಟಾಪು ಎದ್ದಿತು, ಬಿದ್ದಿತು, ಮತ್ತೆ ಎದ್ದಿತು. ಗೃಹಪ್ರವೇಶ ಆದದ್ದು ಆಗ. ಹಾಲು ಉಕ್ಕಿದ ಗಳಿಗೆಯಿಂದ ವ್ಯಾನು ಮನೆಯಾಯಿತು. ಮನೆಯಾದ್ದರಿಂದ ಒಳಗೆ ಮೆಟ್ಟು ಹಾಕುವಂತಿಲ್ಲ ಎಂದು ಅವ್ವ ಹೇಳಿದಳು. ಡ್ರೈವರ್ ಸೀಟು ಹೊರಗಿನದಲ್ಲವೇ ಎಂದು ಅಪ್ಪ ವಾದಿಸಿ ನೋಡಿದ. ಅದಕ್ಕೂ ಇದಕ್ಕೂ ನಡುವೆ ಗೋಡೆ ಎಲ್ಲೈತೆ ತೋರಿಸು ಅಂದಳು. ಮೂವತ್ತು ವರ್ಷ ಚರ್ಮದ ಮೆಟ್ಟಿನಲ್ಲಿ ಬ್ರೇಕು ಒತ್ತಿದ ಮನುಷ್ಯ ಬರಿಗಾಲಿನಲ್ಲಿ ಒತ್ತುವುದನ್ನು ಕಲಿಯಬೇಕಾಯಿತು. ಪರೀಕ್ಷೆಗೆ ನ್ಯಾಮತಿಯವರೆಗೆ ಹೋಗಿ ಬಂದೆವು. ಗೋವಿನಕೋವಿಯ ಹತ್ತಿರ ಒಬ್ಬ ಪರಿಚಯದವನು ಕೈ ಅಡ್ಡ ಹಿಡಿದು ಹತ್ತಲು ಬಂದ. ಅವನಿಗೂ ಮೆಟ್ಟು ಬಿಟ್ಟು ಹತ್ತು ಅಂದಳು. ಅವನು ಬಿಟ್ಟು ಹತ್ತಿದ, ಬಿಟ್ಟದ್ದು ರಸ್ತೆಯಲ್ಲೇ ಉಳಿಯಿತು.

ಕಾರಹುಣ್ಣಿಮೆಗೆ ಇನ್ನೂ ಎಂಟು ದಿನ ಇರುವಾಗ ಬೆಳಿಗ್ಗೆ ಹೊರಟೆವು. ಚನ್ನಗಿರಿಯಲ್ಲಿ ಮೇಸ್ತ್ರಿ ಕೀಲಿಗೆ ಎಣ್ಣೆ ಬಿಟ್ಟು, ನನ್ನ ಮುಖ ನೋಡದೆ ಅಪ್ಪನಿಗೆ ಮಾತ್ರ ಹುಷಾರು ಅಂದರು. ಸೂಳೆಕೆರೆಯ ಏರಿಯ ಮೇಲೆ, ಆ ಬಿಳಿಯರು ನಿಲ್ಲಿಸಿದ್ದ ಜಾಗದಲ್ಲೇ ನಿಲ್ಲಿಸೋಣ ಎಂದು ನಾನು ಹಟ ಹಿಡಿದೆ. ಅಪ್ಪ ನಿಲ್ಲಿಸಿದ. ಟಾಪು ಎತ್ತಿದೆವು. ಅವ್ವ ಪರದೆಯ ಹಿಂದೆ ಸ್ನಾನ ಮಾಡಿ, ನೆಟ್ಟಗೆ ನಿಂತು ಸೀರೆ ಉಟ್ಟು, ಪೂಜೆಗೆ ಕೂತಳು. ಕೆರೆಯ ಗಾಳಿ ಟಾರ್ಪಾಲನ್ನು ಬಡಿಯುತ್ತಿತ್ತು. ನನಗೆ ಬಹಳ ಹೆಮ್ಮೆಯಾಯಿತು, ಅದನ್ನೂ ಹೇಳಿಬಿಡುತ್ತೇನೆ.

ಗದ್ದೆಯ ಕಡೆಯಿಂದ ಏಳೆಂಟು ಗಂಡಸರು ಬಂದು ಸ್ವಲ್ಪ ದೂರದಲ್ಲೇ ನಿಂತರು. ಒಬ್ಬ ಅಪ್ಪನನ್ನು ಕೇಳಿದ.

"ಇದು ಆಪರೇಷನ್ ಗಾಡಿ ಏನ್ರಿ?"

ಕುಟುಂಬ ಯೋಜನೆಯ ವ್ಯಾನುಗಳನ್ನು ಜನ ಇನ್ನೂ ಮರೆತಿರಲಿಲ್ಲ. ಅಲ್ಲ, ಇದು ನಮ್ಮ ಮನೆ ಎಂದು ಅಪ್ಪ ಹೇಳಿದ. ಅವರು ನಂಬಲಿಲ್ಲ. ಪರದೆಯ ಕೆಳಗಿಂದ ಸ್ನಾನದ ನೀರು ಇನ್ನೂ ತೊಟ್ಟಿಕ್ಕುತ್ತಿದ್ದುದರಿಂದ, ಒಳಗೆ ಆಗಲೇ ಒಬ್ಬನನ್ನು ಮಲಗಿಸಿದ್ದಾರೆ ಎಂದು ಮಾತಾಡಿಕೊಂಡು ಬಂದ ದಾರಿಯಲ್ಲೇ ಬೇಗ ಬೇಗ ಹೋದರು. ಅವ್ವ ಪೂಜೆ ಮುಗಿಸಿ ಉಪ್ಪಿಟ್ಟು ಮಾಡಿದಳು. ತಿನ್ನುತ್ತಾ, ಅಕ್ಕ ನನ್ನ ನೋಡಿದ ಕೂಡಲೇ ಏನು ಅಂತಾಳೆ ಗೊತ್ತಾ ಎಂದು ನನ್ನನ್ನು ಕೇಳಿದಳು. ಗೊತ್ತಿಲ್ಲ ಅಂದೆ.

"ತಲೆಗೆ ಎಣ್ಣೆ ಹಚ್ಚಿಲ್ಲ ಅಂತಾಳೆ. ಸಣ್ಣಾಕಿದ್ದಾಗಿಂದ ಮೊದಲು ನನ್ನ ತಲೆ ನೋಡೋದು ಅವಳು" ಅಂದಳು. ಹೊರಡುವ ಮುಂಚೆ ಡಬ್ಬಿ ತೆಗೆದು ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡಳು. ಹನ್ನೊಂದು ವರ್ಷದಲ್ಲಿ ಅವಳ ಕೂದಲು ಅರ್ಧಕ್ಕರ್ಧ ಬೆಳ್ಳಗಾಗಿತ್ತು. ಅಕ್ಕನ ಕಣ್ಣಿಗೆ ಅದು ಮೊದಲು ಬೀಳುತ್ತದೆ ಎಂಬ ಚಿಂತೆಯಲ್ಲಿ ಕನ್ನಡಿ ಹಿಡಿದು ಬಹಳ ಹೊತ್ತು ಕೂತಿದ್ದಳು.

ದಾವಣಗೆರೆ ದಾಟಿ ಜಗಳೂರು ಮುಟ್ಟುವಾಗ ಬಿಸಿಲು ಇಳಿಯುತ್ತಿತ್ತು. ದೊಡ್ಡವ್ವನ ಮನೆಯ ಬೀದಿ ಇಕ್ಕಟ್ಟು. ಅಪ್ಪ ಬರಿಗಾಲಿನಲ್ಲಿ ಹಿಂದೆ ಮುಂದೆ ಮಾಡಿ, ಅವರ ಮುಂದಿನ ಕಟ್ಟೆಗೂ ವ್ಯಾನಿಗೂ ನಡುವೆ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟು ನಿಲ್ಲಿಸಿದ. ಕಟ್ಟೆಯ ಮೇಲೆ ಹೆಂಚಿನ ಇಳಿಜಾರು ಇತ್ತು. ಅದರ ಕೆಳಗೆ, ಕಟ್ಟೆಯ ತುದಿಯಲ್ಲಿ, ದೊಡ್ಡವ್ವ ಕಾಲು ಇಳಿಬಿಟ್ಟು ಕೂತಿದ್ದಳು. ಹಸಿರು ಸೀರೆ ಉಟ್ಟಿದ್ದಳು. ಮುಖ ನಮ್ಮ ಕಡೆಗೇ ಇತ್ತು. ನಾವು ಬರುವುದನ್ನು ಕಾಗದದಲ್ಲಿ ಬರೆದಿದ್ದೆವು.

ಅವ್ವ ಒಳಗಿಂದಲೇ, ಮೊದಲು ಟಾಪು ಎತ್ತಿರಿ ಅಂದಳು. ಎತ್ತದಿದ್ದರೆ ಮನೆಯಲ್ಲ. ನಾನೂ ಅಪ್ಪನೂ ಎತ್ತಿ ಸರಳು ಕೊಟ್ಟೆವು. ಮಡಚಿದ್ದ ಸೂರಂಚನ್ನು ನಾನು ಬಿಡಿಸಿದೆ. ಅದರ ತುದಿ ಹೋಗಿ ಅವರ ಹೆಂಚಿನ ಸಾಲಿಗೆ ತಗಲಿ ಒಂದು ಹೆಂಚು ಜಾರಿತು. ದೊಡ್ಡವ್ವನ ಪಾದದಿಂದ ಎರಡು ಗೇಣು ದೂರದಲ್ಲಿ, ಅವಳ ಕಣ್ಣೆದುರಿಗೇ ಬಿದ್ದು ಮೂರು ಚೂರಾಯಿತು.

ದೊಡ್ಡವ್ವ ಮುಖ ಅಲ್ಲಾಡಿಸಲಿಲ್ಲ.

"ಏನದು ಬಿದ್ದಿದ್ದು?" ಅಂದಳು.

ಬಾಗಿಲಲ್ಲಿ ನಿಂತಿದ್ದ ಸೊಸೆ ಸೆರಗು ಬಾಯಿಗೆ ಒತ್ತಿಕೊಂಡಳು. ಆಮೇಲೆ ಅಪ್ಪನ ಹತ್ತಿರ ಬಂದು ಸಣ್ಣ ದನಿಯಲ್ಲಿ ಹೇಳಿದಳು.

"ಯುಗಾದಿ ಮರುದಿನ ಚಂದ್ರನ್ನ ನೋಡಾಕೆ ಅಂತ ಹೊರಗೆ ಕರಕಂಡು ಬಂದ್ವಿ ಮಾವ. ಎಲ್ಲೈತೆ ಚಂದ್ರ ಅಂದ್ರು. ಅವತ್ತಿಂದ ಪೂರಾ ಇಲ್ಲ. ಬರೀಬ್ಯಾಡ ಅಂತ ನನ್ನ ಕೈಲಿ ಆಣೆ ಇಸಕಂಡ್ರು. ನನ್ನ ತಂಗಿಗೆ ಗೊತ್ತಾದ್ರೆ ಲಿಂಗದ ಮೇಲಿನ ಮಾತು ಮುರಕಂಡು ಓಡಿ ಬರ್ತಾಳೆ, ನನ್ನಿಂದ ಅವಳಿಗೆ ಆ ಪಾಪ ಬ್ಯಾಡ ಅಂದ್ರು."

ಯುಗಾದಿಯ ಮರುದಿನ ನಾನು ಎಲ್ಲಿದ್ದೆ ಎಂದು ನನಗೆ ಗೊತ್ತಿತ್ತು. ಸಂಕ್ರಾಂತಿಗೆ ಕಮಾನು ಹಾಕಿಸಿಕೊಂಡು ಬಂದಿದ್ದರೆ ದೊಡ್ಡವ್ವ ಅವ್ವನ ಮುಖ ನೋಡುತ್ತಿದ್ದಳು, ಬೆಳ್ಳಗಾದ ತಲೆ ನೋಡಿ ಬಯ್ಯುತ್ತಿದ್ದಳು. ಚಪ್ಪಟೆ ಟಾಪಿನಲ್ಲಾದರೆ ಇನ್ನೂ ಮುಂಚೆ. ನನಗೆ ಒಳ್ಳೆಯ ಟಾಪು ಬೇಕಾಗಿತ್ತು, ಅವ್ವನಿಗೆ ಅಕ್ಕನ ಕಣ್ಣು ಬೇಕಾಗಿತ್ತು. ನಾನು ಅವ್ವನನ್ನು ಕಾಯಿಸಿದೆ. ಇದನ್ನು ಇವತ್ತಿಗೂ ನಾನು ಬೇರೆ ಯಾವ ರೀತಿಯಲ್ಲೂ ಹೇಳಿಕೊಳ್ಳಲು ಆಗಿಲ್ಲ.

ಅವ್ವನಿಗೂ ಕೇಳಿಸಿತ್ತು. ಅವಳು ವ್ಯಾನಿನ ಮೆಟ್ಟಿಲಿಳಿದು, ನಮ್ಮ ಸೂರಂಚಿನ ಕೆಳಗೆ, ಆ ಒಂದೂವರೆ ಅಡಿಯಲ್ಲಿ ಬಂದು ನಿಂತಳು. ಅಳು ಬರುತ್ತಿತ್ತು, ಸದ್ದು ಬರದ ಹಾಗೆ ಅಳುತ್ತಿದ್ದಳು. ದೊಡ್ಡವ್ವ ಕೈ ಮುಂದೆ ಮಾಡಿದಳು. ಕೈಗೆ ಮೊದಲು ಸಿಕ್ಕಿದ್ದು ಅವ್ವನ ಭುಜ, ಆಮೇಲೆ ತಲೆ. ಬೈತಲೆಯ ಮೇಲೆ ಬೆರಳಾಡಿಸಿ, ಬೆರಳನ್ನು ಮೂಸಿ ನೋಡಿದಳು.

"ಎಣ್ಣೆ ಹಚ್ಚೀಯ" ಅಂದಳು.

"ಹೂಂ ಅಕ್ಕ."

"ಇವತ್ತು ಹಚ್ಚಿದ್ದು."

ಇಬ್ಬರೂ ಹಾಗೇ ಇದ್ದರು, ಒಬ್ಬಳು ತನ್ನ ಸೂರಿನ ಕೆಳಗೆ ಕೂತು, ಒಬ್ಬಳು ತನ್ನ ಸೂರಿನ ಕೆಳಗೆ ನಿಂತು. ಆಮೇಲೆ ದೊಡ್ಡವ್ವ ಕೈ ಮೇಲೆತ್ತಿ ಗಾಳಿಯಲ್ಲಿ ತಡಕಾಡಿದಳು. ತಗಡು ಅವಳ ಕೈಗೆ ಎಟುಕಲಿಲ್ಲ.

"ಸೂರು ಕಟ್ಟಿಸಿಕೊಂಡು ಬಂದೀಯಂತೆ. ಎಲ್ಲಿ ತನಕ ಬಂದೈತೆ ನಿನ್ನ ಸೂರು?" ಎಂದು ಕೇಳಿದಳು. "ನಾನು ಕೂತಿರೋ ತನಕ ಬಂದೈತಾ?"

ನಾನು ಮೇಲೆ ನೋಡಿದೆ. ನಮ್ಮ ತಗಡು ಅವರ ಮೊದಲ ಹೆಂಚಿನ ಸಾಲಿಗೆ ತಗಲಿ ಅಲ್ಲಿಗೇ ನಿಂತಿತ್ತು. ಕಟ್ಟೆಯ ಮೇಲೆ ನಮ್ಮದು ಒಂದು ಅಂಗುಲವೂ ಇರಲಿಲ್ಲ. ಅವ್ವನೂ ಮೇಲೆ ನೋಡಿದಳು. ಕಣ್ಣೊರೆಸಿಕೊಂಡಳು.

"ಬಂದೈತೆ ಅಕ್ಕ" ಅಂದಳು. "ಒಳಗೆ ಅಡಿಗೆಮನೆ ತನಕ ಐತೆ. ಹುಡುಗ ಲೆಕ್ಕ ಹಾಕಿ ಉದ್ದಕ್ಕೆ ಮಾಡ್ಸ್ಯಾನೆ."

ಅವ್ವನ ಬಾಯಲ್ಲಿ ನಾನು ಕೇಳಿದ ಸುಳ್ಳು ಅದೊಂದೇ. ಕೊರಳಲ್ಲಿ ಲಿಂಗ ಇದ್ದ ಹಾಗೆಯೇ ಹೇಳಿದಳು. ದೊಡ್ಡವ್ವ ಅದನ್ನು ನಂಬಿದಳೋ ಇಲ್ಲವೋ ನನಗೆ ಗೊತ್ತಿಲ್ಲ. ಅವಳ ಮನೆಯ ಉದ್ದ ಎಷ್ಟೆಂದು ಅವಳಿಗೆ ಗೊತ್ತಿತ್ತು, ಒಂದು ವ್ಯಾನು ಎಷ್ಟು ದೊಡ್ಡದಿರುತ್ತದೆ ಎಂಬುದೂ ಗೊತ್ತಿತ್ತು.

"ಹಂಗಾದ್ರೆ ಎದಕೆ ನಿಂತೀಯ? ನಿನ್ನ ಸೂರಿನ ಕೆಳಗೆ ನಿಂಗೇನು ಬಿಗುಮಾನ. ನಡಿ, ಉಣ್ಣು" ಅಂದಳು.

ಅವ್ವ ಅವಳ ಕೈ ಹಿಡಿದು ಎಬ್ಬಿಸಿದಳು. ಒಡೆದ ಹೆಂಚಿನ ಚೂರನ್ನು ಕಾಲಿಂದ ಬದಿಗೆ ಸರಿಸಿ, ಅಕ್ಕನ ಹೆಂಚಿನ ಕೆಳಗೆ ಹಾದು, ಹೊಸ್ತಿಲು ದಾಟಿದಳು. ಅಪ್ಪ ಅಭ್ಯಾಸದಂತೆ ಬಾಗಿಲಲ್ಲಿ ಮೆಟ್ಟು ಬಿಡಲು ಬಗ್ಗಿ, ಕಾಲಲ್ಲಿ ಮೆಟ್ಟಿಲ್ಲದ್ದನ್ನು ನೋಡಿ ಹಾಗೇ ಒಳಗೆ ಹೋದ. ನಾನೂ ಹೋದೆ.

ಅಡಿಗೆಮನೆಯಲ್ಲಿ ಹೋಳಿಗೆಯ ಬುಟ್ಟಿಯನ್ನು ಸೊಸೆ ಎತ್ತಲು ಹೋದಾಗ ದೊಡ್ಡವ್ವ ಬಿಡಲಿಲ್ಲ, ನಾನೇ ಬಡಿಸುತ್ತೇನೆ ಅಂದಳು. ತಂಗಿಯ ಎದುರಿಗೆ ಕೂತು, ಬುಟ್ಟಿಯೊಳಗೆ ಕೈ ಹಾಕಿ ಒಂದು ಹೋಳಿಗೆ ತೆಗೆದಳು. ಅದನ್ನು ಅಂಗೈ ಮೇಲಿಟ್ಟುಕೊಂಡು, ಇನ್ನೊಂದು ಕೈಯ ಬೆರಳನ್ನು ಅದರ ಅಂಚಿನ ಮೇಲೆ ನಿಧಾನವಾಗಿ ಒಂದು ಸುತ್ತು ಪೂರ್ತಿ ಆಡಿಸಿದಳು. ಎಲ್ಲೂ ಹರಿದಿಲ್ಲ ಎಂದು ಖಾತ್ರಿಯಾದ ಮೇಲೆ ಅವ್ವನ ತಟ್ಟೆಗೆ ಹಾಕಿದಳು.